ಆಸ್ಪತ್ರೆಯ ಪಕ್ಕದ ಹೈಸ್ಕೂಲು

1972ರಲ್ಲಿ ಟೆಕ್ಸಸ್ ರಾಜ್ಯದ ಹ್ಯೂಸ್ಟನ್ ನಗರದಲ್ಲಿ ಒಂದು ಸರ್ಕಾರಿ ಹೈಸ್ಕೂಲು ಶುರುವಾಯಿತು. ಸ್ವಂತ ಕಟ್ಟಡವಿಲ್ಲದ ಆ ಶಾಲೆಗೆ ಜಾಗ ಕೊಟ್ಟದ್ದು ಬೇಲರ್ ವೈದ್ಯಕೀಯ ಕಾಲೇಜು. ನಗರದ ಶಾಲಾ ಮಂಡಳಿಯೂ ವೈದ್ಯಕೀಯ ಕಾಲೇಜೂ ಕೂಡಿ ನಡೆಸಿದ ಈ ಶಾಲೆಗೆ ಇಟ್ಟ ಹೆಸರು ಸೀದಾಸಾದಾ: ಹೈಸ್ಕೂಲ್ ಫಾರ್ ಹೆಲ್ತ್ ಪ್ರೊಫೆಷನ್ಸ್. ಡಾಕ್ಟರು, ನರ್ಸು, ಲ್ಯಾಬ್ ತಂತ್ರಜ್ಞ ಆಗಬೇಕೆಂಬ ಆಸೆಯಿದ್ದ ಹದಿನಾಲ್ಕು ಹದಿನೈದರ ಮಕ್ಕಳನ್ನು ಆರಿಸಿ ಆಸ್ಪತ್ರೆಯ ಲೋಕದೊಳಕ್ಕೇ ಕರೆದುಕೊಂಡ ಇಂಥ ಸರ್ಕಾರಿ ಶಾಲೆ ಅಮೆರಿಕದಲ್ಲಿ ಅದೇ ಮೊದಲು.

ಎರಡು ವರ್ಷ ಕಳೆದು, 1974ರಲ್ಲಿ, ನ್ಯೂಯಾರ್ಕ್‌ನ ಕ್ವೀನ್ಸ್‌ನಲ್ಲಿ ಇನ್ನೊಂದು ಹೈಸ್ಕೂಲು ಹುಟ್ಟಿತು. ಅದೂ ಕಾಲೇಜಿನ ಒಳಗೇ. ಆದರೆ ಅದು ಹುಡುಕಿ ಕರೆತಂದದ್ದು ಓದು ಬಿಟ್ಟು ಬೀದಿಗೆ ಬೀಳುವ ಹಂತದಲ್ಲಿದ್ದ ಮಕ್ಕಳನ್ನು. ಹೈಸ್ಕೂಲಿನಲ್ಲಿ ಇದ್ದುಕೊಂಡೇ ಕಾಲೇಜಿನ ಪಾಠ ಓದಿ ಆರೋಗ್ಯ ಕ್ಷೇತ್ರದ ಕೆಲಸಕ್ಕೆ ಸಿದ್ಧವಾಗುವ ಇವತ್ತಿನ ಅರ್ಲಿ ಕಾಲೇಜ್ ಶಾಲೆಗಳಲ್ಲಿ ಈ ಎರಡೂ ಶಾಲೆಗಳ ರಕ್ತವಿದೆ. ಜಾಣ ಮಕ್ಕಳಿಗಾಗಿ ಹುಟ್ಟಿದ್ದು ಒಂದು, ಕೈಬಿಟ್ಟ ಮಕ್ಕಳಿಗಾಗಿ ಹುಟ್ಟಿದ್ದು ಇನ್ನೊಂದು. ಈ ಎರಡು ಉದ್ದೇಶಗಳ ಎಳೆದಾಟ ಇನ್ನೂ ಮುಗಿದಿಲ್ಲ.

ಕಾಲೇಜಿನೊಳಗೆ ಹೈಸ್ಕೂಲಿದ್ದರೆ ಅದರಲ್ಲೇನು ಮಹಾ ಎಂದು ಕರ್ನಾಟಕದ ಓದುಗರಿಗೆ ಅನ್ನಿಸಿದರೆ ತಪ್ಪಿಲ್ಲ. ನಮ್ಮಲ್ಲಿ ಎಸ್ಸೆಸ್ಸೆಲ್ಸಿ ಪಾಸಾದ ಹದಿನಾರರ ಹುಡುಗಿ ಪಿಯುಸಿಗೆಂದು ಕಾಲೇಜಿನ ಗೇಟು ದಾಟುತ್ತಾಳೆ. ಅದಕ್ಕೂ ಹಿಂದಿನ ಇಂಟರ್‌ಮೀಡಿಯೆಟ್ ಕಾಲದಲ್ಲಂತೂ ಆ ವಯಸ್ಸಿನವರು ಡಿಗ್ರಿ ಓದುವವರ ಜತೆ ಒಂದೇ ಕಾಲೇಜಿನ ಮೆಟ್ಟಿಲು ಹತ್ತುತ್ತಿದ್ದರು. ಅಮೆರಿಕದ ಲೆಕ್ಕ ಬೇರೆ. ಅಲ್ಲಿ 9ರಿಂದ 12ನೇ ತರಗತಿವರೆಗೆ ಹೈಸ್ಕೂಲು, ಖರ್ಚು ಸರ್ಕಾರದ್ದು. ಕಾಲೇಜು ಶುರುವಾಗುವುದು 18ಕ್ಕೆ, ಫೀಸು ಮನೆಯವರದು. ಈ ಎರಡರ ನಡುವಿನ ಹಳ್ಳದಲ್ಲಿ ಬಿದ್ದವರು ಹೆಚ್ಚಾಗಿ ಬಡವರ ಮಕ್ಕಳು, ಮನೆಯಲ್ಲಿ ಮೊದಲ ಬಾರಿ ಕಾಲೇಜು ಕಾಣಬೇಕಾಗಿದ್ದವರು. ಆ ಹಳ್ಳದ ಮೇಲೆ ಹಾಕಿದ ಸಂಕವೇ ಅರ್ಲಿ ಕಾಲೇಜ್ ಹೈಸ್ಕೂಲು. ನಾಲ್ಕೈದು ವರ್ಷದಲ್ಲಿ ಹೈಸ್ಕೂಲು ಡಿಪ್ಲೊಮಾ ಸಿಗುತ್ತದೆ. ಜತೆಗೆ ಕಾಲೇಜಿನ ಎರಡು ವರ್ಷದವರೆಗಿನ ಕ್ರೆಡಿಟ್, ಅಂದರೆ ಸುಮಾರು 60 ಕ್ರೆಡಿಟ್ ಅಥವಾ ಅಸೋಸಿಯೇಟ್ ಪದವಿ, ಫೀಸಿಲ್ಲದೆ ದಕ್ಕುತ್ತದೆ.

ಹ್ಯೂಸ್ಟನ್ನಿನ ಶಾಲೆ ಹುಟ್ಟಿದಾಗ ಬೇಲರ್ ವೈದ್ಯಕೀಯ ಕಾಲೇಜಿನ ಅಧ್ಯಕ್ಷರಾಗಿದ್ದವರು ಹೃದಯ ಶಸ್ತ್ರಚಿಕಿತ್ಸಕ ಮೈಕೆಲ್ ಡಿಬೇಕಿ. 1908ರಲ್ಲಿ ಲೂಯಿಸಿಯಾನದ ಲೇಕ್ ಚಾರ್ಲ್ಸ್‌ನಲ್ಲಿ, ಲೆಬನಾನ್‌ನಿಂದ ವಲಸೆ ಬಂದ ದಂಪತಿಗೆ ಹುಟ್ಟಿದವರು. ತಂದೆಗೆ ವ್ಯಾಪಾರವಿತ್ತು, ಔಷಧಿ ಅಂಗಡಿಯಿತ್ತು. ತಾಯಿ ಹೊಲಿಗೆಯಲ್ಲಿ ನಿಸ್ಸೀಮೆ, ಮಗನಿಗೂ ಕಲಿಸಿದ್ದಳು. ಆ ಹೊಲಿಗೆ ವಿದ್ಯೆ ಐವತ್ತರ ದಶಕದಲ್ಲಿ ಕೆಲಸಕ್ಕೆ ಬಂತು. ಹಾಳಾದ ಮಹಾಧಮನಿಯ ಜಾಗದಲ್ಲಿ ಕೂರಿಸಲು ಕೃತಕ ನಾಳ ಬೇಕಾಗಿತ್ತು. ಡಿಬೇಕಿ ಪೇಟೆಯ ಬಟ್ಟೆ ಅಂಗಡಿಗೆ ಹೋಗಿ ನೈಲಾನ್ ಕೇಳಿದರು. ನೈಲಾನ್ ಮುಗಿದಿದೆ, ಡೆಕ್ರಾನ್ ಎಂಬ ಹೊಸ ಬಟ್ಟೆ ಬಂದಿದೆ ಎಂದರು ಅಂಗಡಿಯವರು. ಅದನ್ನೇ ಕೊಂಡು ತಂದು ಹೆಂಡತಿಯ ಹೊಲಿಗೆ ಯಂತ್ರದಲ್ಲಿ ಕೂತು ಕೊಳವೆಯಾಗಿ ಹೊಲಿದರು. ಮುಂದೆ ಜಗತ್ತಿನಾದ್ಯಂತ ಶಸ್ತ್ರಚಿಕಿತ್ಸಕರು ಬಳಸಿದ ಡೆಕ್ರಾನ್ ನಾಳಗಳ ಹುಟ್ಟು ಇದು.

ಆ ಶಾಲೆಗೆ ಅವರ ಹೆಸರು ಬಂದದ್ದು 1996ರಲ್ಲಿ. ಅಷ್ಟರೊಳಗೆ ಅದಕ್ಕೊಂದು ಬೇರೆ ಕಟ್ಟಡ ಸಿಕ್ಕಿ, ಬೇಲರ್ ಆವರಣ ಬಿಟ್ಟು ಹೋಗಿ ಹತ್ತಾರು ವರ್ಷವಾಗಿತ್ತು. ಪಠ್ಯ ಮಾತ್ರ ಆಸ್ಪತ್ರೆಯ ನಂಟು ಬಿಡಲಿಲ್ಲ. ಒಂಬತ್ತನೇ ತರಗತಿಗೆ ಬಂದ ಮಕ್ಕಳು ವೈದ್ಯಕೀಯ ಪರಿಭಾಷೆಯಿಂದ ಶುರುಮಾಡುತ್ತಾರೆ, ಮೇಲಿನ ತರಗತಿಗಳಲ್ಲಿ ಆಸ್ಪತ್ರೆ ವಾರ್ಡು, ಪ್ರಯೋಗಾಲಯಗಳಿಗೆ ಸರದಿಯ ಮೇಲೆ ಹೋಗುತ್ತಾರೆ. ಹ್ಯೂಸ್ಟನ್ ವಿಶ್ವವಿದ್ಯಾಲಯ ಮತ್ತು ಬೇಲರ್ ಜತೆಗಿನ ಒಪ್ಪಂದದಲ್ಲಿ, ಆಯ್ದ ಕೆಲವರಿಗೆ ಪದವಿ ಓದಲು ವಿದ್ಯಾರ್ಥಿವೇತನವೂ, ಷರತ್ತಿನ ಮೇಲೆ ಮೆಡಿಕಲ್ ಸೀಟೂ ಹೈಸ್ಕೂಲು ಮುಗಿಸುವಾಗಲೇ ಸಿಗುವ ವ್ಯವಸ್ಥೆಯೂ ಬಂತು. ಈ ಮಾದರಿಯನ್ನು ದಕ್ಷಿಣ ಟೆಕ್ಸಸ್‌ನ ಮರ್ಸಿಡಿಸ್ ಎಂಬ ಊರು 1984ರಲ್ಲೇ ತನ್ನದಾಗಿಸಿಕೊಂಡಿತು. ಮೆಕ್ಸಿಕೊ ಗಡಿಯ ಆ ಬಡ ಪ್ರದೇಶದಲ್ಲಿ ಜನ ಆ ಶಾಲೆಯನ್ನು ಕರೆಯುವುದು 'ಮೆಡ್ ಹೈ' ಎಂದೇ. ಡಿಬೇಕಿ ಹೆಸರಿನ ಶಾಲೆ ದೂರದ ಕತಾರ್‌ನಲ್ಲೂ ಇದೆ.

2017ರಲ್ಲಿ ಹ್ಯೂಸ್ಟನ್ನಿನ ಮೂಲ ಶಾಲೆ ಮತ್ತೆ ಟೆಕ್ಸಸ್ ಮೆಡಿಕಲ್ ಸೆಂಟರ್‌ನೊಳಕ್ಕೆ ಬಂತು. ಅರವತ್ತಕ್ಕೂ ಹೆಚ್ಚು ಸಂಸ್ಥೆಗಳು, ಲಕ್ಷಕ್ಕೂ ಹೆಚ್ಚು ನೌಕರರು ಇರುವ, ಜಗತ್ತಿನಲ್ಲೇ ದೊಡ್ಡದೆನಿಸಿದ ವೈದ್ಯಕೀಯ ಸಮುಚ್ಚಯ ಅದು. ಅಲ್ಲಿನ ಪ್ರೆಸ್ಲರ್ ಬೀದಿಯಲ್ಲಿ ಐದಂತಸ್ತಿನ ಹೊಸ ಕಟ್ಟಡ ಎದ್ದಿತು. ಅದೇ ವರ್ಷದ ಆಗಸ್ಟಿನಲ್ಲಿ ಹಾರ್ವಿ ಚಂಡಮಾರುತ ಊರನ್ನು ಮುಳುಗಿಸಿತು. ನಗರದ ಹೆಚ್ಚಿನ ಶಾಲೆಗಳು ತೆರೆದದ್ದು ಸೆಪ್ಟೆಂಬರ್ 11ಕ್ಕೆ. ಡಿಬೇಕಿ ಅದನ್ನು ನೋಡಲು ಇರಲಿಲ್ಲ. 2006ರಲ್ಲಿ, 97ನೇ ವಯಸ್ಸಿನಲ್ಲಿ, ಸೀಳಿದ ಮಹಾಧಮನಿಗೆ ತಾವೇ ರೂಪಿಸಿದ ಶಸ್ತ್ರಚಿಕಿತ್ಸೆ ತಮ್ಮ ಮೇಲೇ ನಡೆದು ಬದುಕಿ ಬಂದವರು ಅವರು. ನೂರು ತುಂಬಲು ಎರಡು ತಿಂಗಳಿರುವಾಗ, 2008ರ ಜುಲೈನಲ್ಲಿ ತೀರಿಕೊಂಡರು.

ಈ ಶಾಲೆಯನ್ನು ಹೊಗಳುವುದು ಸುಲಭ. ಆದರೆ ಒಂದು ಮಾತು ಹೇಳಲೇಬೇಕು. ವೈದ್ಯಕೀಯದಲ್ಲಿ ಕರಿಯರು, ಮೆಕ್ಸಿಕೊ ಮೂಲದವರು ಬೆರಳೆಣಿಕೆಯಷ್ಟಿದ್ದ ಕಾಲದಲ್ಲಿ ಅವರಿಗಾಗಿ ಬಾಗಿಲು ತೆರೆಯಬೇಕೆಂಬುದು ಅದರ ಮೂಲ ಆಶಯಗಳಲ್ಲಿ ಒಂದು. ಹೆಸರು ಬೆಳೆದಂತೆ ಅರ್ಜಿಗಳು ಬೆಳೆದವು, ಅರ್ಜಿ ಬೆಳೆದಂತೆ ಆಯ್ಕೆ ಬಿಗಿಯಾಯಿತು. ಇವತ್ತು ಅಲ್ಲಿ ಏಷ್ಯಾ ಮೂಲದ ಮಕ್ಕಳ ಪಾಲು ದೊಡ್ಡದು, ಅದರಲ್ಲಿ ಭಾರತೀಯರ ಮನೆಯ ಮಕ್ಕಳೂ ಸೇರಿದ್ದಾರೆ. ಮಗ ಡಾಕ್ಟರಾಗಬೇಕು ಎಂಬ ನಮ್ಮವರ ಹಳೆಯ ಹಂಬಲಕ್ಕೆ ಹೇಳಿ ಮಾಡಿಸಿದಂಥ ಶಾಲೆ ಅದು. ಯಾರಿಗಾಗಿ ಹುಟ್ಟಿತೋ ಅವರಿಗೆ ಎಷ್ಟು ಸೀಟು ಉಳಿಯಿತು ಎಂಬ ಪ್ರಶ್ನೆ ಇಂಥ ಪ್ರತಿಯೊಂದು ಶಾಲೆಯ ಬೆನ್ನಿಗೂ ಬೀಳುತ್ತದೆ.

ಕ್ವೀನ್ಸ್‌ನ ಶಾಲೆಯ ಕತೆ ಶುರುವಾಗುವುದು ಒಂದು ಹಳೆಯ ಕಾರ್ಖಾನೆ ಕಟ್ಟಡದಲ್ಲಿ. ಲಾಂಗ್ ಐಲೆಂಡ್ ಸಿಟಿಯ ಆ ಕಟ್ಟಡದಲ್ಲಿ 1971ರಲ್ಲಿ ಲಗಾರ್ಡಿಯಾ ಕಮ್ಯುನಿಟಿ ಕಾಲೇಜು, ಅಂದರೆ ಎರಡು ವರ್ಷದ ಸರ್ಕಾರಿ ಕಾಲೇಜು, ತೆರೆಯಿತು. ಓದಿನ ಜತೆ ಪ್ರತಿ ವಿದ್ಯಾರ್ಥಿಯೂ ಹೊರಗೆ ಹೋಗಿ ಕೆಲಸ ಮಾಡಿ ಕಲಿಯಲೇಬೇಕೆಂಬುದು ಅದರ ನಿಯಮ. ಅಲ್ಲಿ ಮನಶ್ಶಾಸ್ತ್ರದ ಪ್ರಾಧ್ಯಾಪಕಿಯಾಗಿದ್ದ ಜಾನೆಟ್ ಲೀಬರ್‌ಮನ್‌ಗೆ ಒಂದು ಲೆಕ್ಕ ಕಣ್ಣಿಗೆ ಬಿತ್ತು: ಕಾಲೇಜಿಗೆ ಬಂದ ಹುಡುಗರಲ್ಲಿ ಎಷ್ಟೋ ಮಂದಿ ಮತ್ತೆ ಹೈಸ್ಕೂಲಿನ ಪಾಠವನ್ನೇ ಕಲಿಯಬೇಕಾಗಿತ್ತು, ಇನ್ನೆಷ್ಟೋ ಮಂದಿ ಹೈಸ್ಕೂಲು ದಾಟಿ ಬರುತ್ತಲೇ ಇರಲಿಲ್ಲ. ಹಾಗಾದರೆ ಹೈಸ್ಕೂಲನ್ನೇ ಕಾಲೇಜಿನೊಳಗೆ ಇಟ್ಟರೆ? 1974ರಲ್ಲಿ ಮಿಡಲ್ ಕಾಲೇಜ್ ಹೈಸ್ಕೂಲು ಹೀಗೆ ಹುಟ್ಟಿತು.

ಅಲ್ಲಿಯವರೆಗೆ ಎಲ್ಲರ ಬುದ್ಧಿವಾದ ಒಂದೇ: ಹಿಂದುಳಿದ ಮಕ್ಕಳನ್ನು ಇನ್ನಷ್ಟು ಕಟ್ಟುನಿಟ್ಟಾಗಿ ಇಡಿ, ಸುಲಭದ ಪಾಠ ಕೊಡಿ. ಲೀಬರ್‌ಮನ್ ಅದನ್ನು ತಲೆಕೆಳಗು ಮಾಡಿದರು. ಓದಲಾರರು ಎಂದು ಮೂಲೆಗೆ ತಳ್ಳಿದ ಮಕ್ಕಳಿಗೆ ಕಾಲೇಜಿನ ಗುರುತಿನ ಚೀಟಿ ಕೊಟ್ಟರು, ಕಾಲೇಜಿನ ಲೈಬ್ರರಿ, ಕ್ಯಾಂಟೀನು, ಜಿಮ್ಮು ತೆರೆದಿಟ್ಟರು. ವರ್ಷಕ್ಕೊಮ್ಮೆ ಸಂಬಳವಿಲ್ಲದ ಇಂಟರ್ನ್‌ಶಿಪ್ಪಿಗೆಂದು ಆಸ್ಪತ್ರೆ, ಶಿಶುವಿಹಾರ, ಕಚೇರಿಗಳಿಗೆ ಕಳಿಸಿದರು. ಇಪ್ಪತ್ತೈದರ, ಮೂವತ್ತರ ವಿದ್ಯಾರ್ಥಿಗಳು ಕೂತ ಕೋಣೆಯಲ್ಲಿ ಹದಿನಾರರ ಪುಂಡನೂ ತೆಪ್ಪಗೆ ಕೂರುತ್ತಾನೆ. ಜಾಗವೇ ಅರ್ಧ ಪಾಠ ಮಾಡುತ್ತದೆ ಎಂಬುದು ಅವರ ನಂಬಿಕೆ. ಅವರ ಬೆಂಬಲಿಗರು ಇದನ್ನು ಸ್ಥಳದ ಶಕ್ತಿ ಎಂದು ಕರೆದರು. ಅರ್ಲಿ ಕಾಲೇಜ್ ಚಳವಳಿಯಲ್ಲಿ ಬಂದ ಎಲ್ಲ ಸಿದ್ಧಾಂತಗಳ ಪೈಕಿ ಇವತ್ತಿಗೂ ಸವೆಯದೆ ಉಳಿದದ್ದು ಇದೊಂದೇ ಎಂದರೂ ನಡೆದೀತು.

ಆದರೆ ಬರೀ ಪಕ್ಕದಲ್ಲಿದ್ದರೆ ಸಾಲದು ಎಂಬುದಕ್ಕೆ ಬಾಲ್ಟಿಮೋರ್ ಸಾಕ್ಷಿ. ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ಅಲ್ಲಿ ಶುರುವಾದದ್ದು 1889ರಲ್ಲಿ. ಅದರ ಹತ್ತಿರವೇ ಇರುವ ಪಾಲ್ ಲಾರೆನ್ಸ್ ಡನ್‌ಬಾರ್ ಹೈಸ್ಕೂಲು ಕರಿಯ ಮಕ್ಕಳಿಗೆಂದೇ ಇದ್ದ ಶಾಲೆ. ದಶಕಗಟ್ಟಲೆ ಆ ಆಸ್ಪತ್ರೆಯಲ್ಲಿ ಕರಿಯರಿಗೆ ಬೇರೆ ವಾರ್ಡು. ವೈದ್ಯಕೀಯ ಕಾಲೇಜಿನೊಳಗೆ ಕರಿಯರು ಕಾಣುತ್ತಿದ್ದದ್ದು ಕಸ ಗುಡಿಸುವ, ಸಾಮಾನು ಹೊರುವ ಕೆಲಸದಲ್ಲಿ.

ಈ ಮಾತಿಗೆ ಒಬ್ಬರ ಬದುಕು ಉದಾಹರಣೆಯಾಗಿದೆ. ವಿವಿಯನ್ ಥಾಮಸ್ ಹುಟ್ಟಿದ್ದು 1910ರಲ್ಲಿ, ಡಿಬೇಕಿ ಹುಟ್ಟಿದ ಅದೇ ಲೂಯಿಸಿಯಾನದಲ್ಲಿ, ಅವರಿಗಿಂತ ಎರಡು ವರ್ಷ ಚಿಕ್ಕವರು. ಬೆಳೆದದ್ದು ನ್ಯಾಶ್‌ವಿಲ್‌ನಲ್ಲಿ. ತಂದೆಯಿಂದ ಮರಗೆಲಸ ಕಲಿತು, ಹೈಸ್ಕೂಲು ಮುಗಿಸಿ, ಕಾಲೇಜು ಓದಿ ಡಾಕ್ಟರಾಗಬೇಕೆಂದು ದುಡ್ಡು ಕೂಡಿಟ್ಟಿದ್ದರು. ಮಹಾ ಆರ್ಥಿಕ ಕುಸಿತ ಬಂತು, ಓದು ಮುಂದಕ್ಕೆ ಹೋಯಿತು. 1930ರಲ್ಲಿ ವಾಂಡರ್‌ಬಿಲ್ಟ್ ವಿಶ್ವವಿದ್ಯಾಲಯದ ಆಲ್ಫ್ರೆಡ್ ಬ್ಲೇಲಾಕ್ ಅವರ ಪ್ರಯೋಗಾಲಯದಲ್ಲಿ ಸಹಾಯಕರಾಗಿ ಸೇರಿದರು. ಆಮೇಲೆ ಬ್ಯಾಂಕು ಮುಳುಗಿ, ಕೂಡಿಟ್ಟ ದುಡ್ಡೂ ಹೋಯಿತು. ಮಾಡುತ್ತಿದ್ದದ್ದು ಸಂಶೋಧನೆ, ಸಂಬಳದ ಪಟ್ಟಿಯಲ್ಲಿ ದರ್ಜೆ ಜಾಡಮಾಲಿಯದ್ದು. 1941ರಲ್ಲಿ ಬ್ಲೇಲಾಕ್ ಜತೆ ಹಾಪ್ಕಿನ್ಸ್‌ಗೆ ಬಂದರು. ಹೃದಯದ ದೋಷದಿಂದ ಮೈ ನೀಲಿಗಟ್ಟುವ ಮಕ್ಕಳನ್ನು ಉಳಿಸುವ ದಾರಿ ಹುಡುಕಬೇಕೆಂದು ಮಕ್ಕಳ ಹೃದ್ರೋಗ ತಜ್ಞೆ ಹೆಲೆನ್ ಟಾಸಿಗ್ ಕೇಳಿದಾಗ, ನಾಯಿಗಳ ಮೇಲೆ ಪ್ರಯೋಗಿಸಿ ಆ ಶಸ್ತ್ರಚಿಕಿತ್ಸೆಯನ್ನು ಕೈಯಾರೆ ರೂಪಿಸಿದವರು ಥಾಮಸ್. 1944ರ ನವೆಂಬರ್ 29ರಂದು ಮೊದಲ ಮಗುವಿಗೆ ಆ ಶಸ್ತ್ರಚಿಕಿತ್ಸೆ ನಡೆಯಿತು. ಚಾಕು ಹಿಡಿದದ್ದು ಬ್ಲೇಲಾಕ್. ಅವರ ಹಿಂದೆ ಮಣೆಯೊಂದರ ಮೇಲೆ ನಿಂತು, ಹೆಗಲ ಮೇಲಿಂದ ಬಗ್ಗಿ ನೋಡುತ್ತ, ಹೊಲಿಗೆ ಎಲ್ಲಿ, ಹೇಗೆ ಎಂದು ಹೇಳಿಕೊಟ್ಟದ್ದು ಥಾಮಸ್. ಆ ಚಿಕಿತ್ಸೆಗೆ ಬಂದ ಹೆಸರು ಬ್ಲೇಲಾಕ್–ಟಾಸಿಗ್. ಥಾಮಸ್‌ಗೆ ಹಾಪ್ಕಿನ್ಸ್ ಗೌರವ ಡಾಕ್ಟರೇಟ್ ಕೊಟ್ಟದ್ದು 1976ರಲ್ಲಿ. ಅಷ್ಟರೊಳಗೆ ಅವರ ಕೈಯಲ್ಲಿ ಕಲಿತ ಎಷ್ಟೋ ಶಸ್ತ್ರಚಿಕಿತ್ಸಕರು ದೇಶದ ದೊಡ್ಡ ದೊಡ್ಡ ಆಸ್ಪತ್ರೆಗಳಲ್ಲಿ ಮುಖ್ಯಸ್ಥರಾಗಿದ್ದರು.

ಬಾಲ್ಟಿಮೋರಿನಲ್ಲಿ ಇವತ್ತು ಆರೋಗ್ಯ ವೃತ್ತಿಗಳಿಗೆ ಮಕ್ಕಳನ್ನು ಸಿದ್ಧಪಡಿಸುವ ಒಂದು ಸರ್ಕಾರಿ ಹೈಸ್ಕೂಲಿನ ಹೆಸರು ವಿವಿಯನ್ ಟಿ. ಥಾಮಸ್ ಮೆಡಿಕಲ್ ಆರ್ಟ್ಸ್ ಅಕಾಡೆಮಿ. ಡನ್‌ಬಾರ್ ಶಾಲೆಗೂ ಹಾಪ್ಕಿನ್ಸ್‌ನ ಬಾಗಿಲು ಬೇರೆ ರೀತಿಯಲ್ಲಿ ತೆರೆಯಿತು. 2016ರಲ್ಲಿ ಅಲ್ಲಿ ಪಿ-ಟೆಕ್ ಎಂಬ ಕಾರ್ಯಕ್ರಮ ಶುರುವಾಯಿತು: ನಗರದ ಕಮ್ಯುನಿಟಿ ಕಾಲೇಜು ಪಾಠ ಹೇಳುತ್ತದೆ, ಹಾಪ್ಕಿನ್ಸ್‌ನಂಥ ಸಂಸ್ಥೆಗಳು ಮಕ್ಕಳಿಗೆ ಮಾರ್ಗದರ್ಶಕರನ್ನೂ ಇಂಟರ್ನ್‌ಶಿಪ್ಪನ್ನೂ ಕೊಡುತ್ತವೆ, ಕೊನೆಯಲ್ಲಿ ಅಸೋಸಿಯೇಟ್ ಪದವಿ. ರಸ್ತೆ ಅದೇ, ಆಸ್ಪತ್ರೆ ಅದೇ. ಬದಲಾದದ್ದು ಒಪ್ಪಂದದ ಕಾಗದ.

ಎರಡು ವರ್ಷದ ಕಾಲೇಜಿನಿಂದ ನರ್ಸಾಗಿ ಹೊರಬರುವುದು ಹೇಗೆ ಎಂಬುದಕ್ಕೂ ಒಂದು ಇತಿಹಾಸವಿದೆ, ಅದನ್ನು ಬಿಟ್ಟರೆ ಈ ಶಾಲೆಗಳು ಅರ್ಥವಾಗುವುದಿಲ್ಲ. ಎರಡನೇ ಮಹಾಯುದ್ಧದ ನಂತರ ಅಮೆರಿಕದಲ್ಲಿ ನರ್ಸುಗಳ ಬರ. ಆಗ ನರ್ಸಿಂಗ್ ಕಲಿಯಬೇಕೆಂದರೆ ಮೂರು ವರ್ಷ ಆಸ್ಪತ್ರೆಯಲ್ಲೇ ಇದ್ದು, ಕಲಿಯುವುದಕ್ಕಿಂತ ಹೆಚ್ಚು ದುಡಿಯಬೇಕಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಟೀಚರ್ಸ್ ಕಾಲೇಜಿನ ಮಿಲ್ಡ್ರೆಡ್ ಮೊಂಟ್ಯಾಗ್ 1951ರಲ್ಲಿ ಪ್ರಕಟಿಸಿದ ತಮ್ಮ ಅಧ್ಯಯನದಲ್ಲಿ, ಇದನ್ನು ಆಸ್ಪತ್ರೆಯ ಕೈಯಿಂದ ತೆಗೆದು ಎರಡು ವರ್ಷದ ಕಾಲೇಜುಗಳಿಗೆ ಕೊಡಬಹುದು ಎಂದು ವಾದಿಸಿದರು. ಮರುವರ್ಷವೇ ಏಳು ಕಾಲೇಜುಗಳಲ್ಲಿ ಪ್ರಯೋಗ ಶುರುವಾಯಿತು. ಅಲ್ಲಿಂದ ಬಂದವರು ಬರೆದದ್ದು ಉಳಿದ ನರ್ಸುಗಳು ಬರೆದ ಪರವಾನಗಿ ಪರೀಕ್ಷೆಯನ್ನೇ, ಮತ್ತು ಪಾಸಾದರು. ಅಸೋಸಿಯೇಟ್ ನರ್ಸಿಂಗ್ ಪದವಿ ದೇಶದ ಮೂಲೆಮೂಲೆಯ ಕಮ್ಯುನಿಟಿ ಕಾಲೇಜಿಗೆ ಹಬ್ಬಿತು. ಮೊಂಟ್ಯಾಗ್ ಇಲ್ಲದಿದ್ದರೆ ಕಮ್ಯುನಿಟಿ ಕಾಲೇಜಿನ ಪಕ್ಕದ ಹೈಸ್ಕೂಲಿಗೆ ಆಸ್ಪತ್ರೆಯ ದಾರಿ ಇಷ್ಟು ಹತ್ತಿರವಾಗುತ್ತಿರಲಿಲ್ಲ.

2002ರಲ್ಲಿ ಗೇಟ್ಸ್ ಪ್ರತಿಷ್ಠಾನ ಮುಂದಾಗಿ, ಕಾರ್ನೆಗಿ, ಫೋರ್ಡ್, ಕೆಲಾಗ್ ಪ್ರತಿಷ್ಠಾನಗಳು ಜತೆಗೂಡಿ, ಅರ್ಲಿ ಕಾಲೇಜ್ ಹೈಸ್ಕೂಲು ಯೋಜನೆಗೆ ದುಡ್ಡು ಹಾಕಿದವು. ಹತ್ತು ವರ್ಷದೊಳಗೆ ಶಾಲೆಗಳ ಸಂಖ್ಯೆ 200 ದಾಟಿತು. ಇದನ್ನು ಮನಸಾರೆ ಅಪ್ಪಿಕೊಂಡ ರಾಜ್ಯ ನಾರ್ತ್ ಕ್ಯಾರೊಲಿನಾ. 2003ರ ಜುಲೈನಲ್ಲಿ ಅಲ್ಲಿ ಪಿಲೋಟೆಕ್ಸ್ ಜವಳಿ ಗಿರಣಿ ಮುಚ್ಚಿ ಆ ಒಂದು ರಾಜ್ಯದಲ್ಲೇ ಸುಮಾರು 4,800 ಮಂದಿ ಕೆಲಸ ಕಳೆದುಕೊಂಡಿದ್ದರು. ಹೊಗೆಸೊಪ್ಪು, ಪೀಠೋಪಕರಣದ ಕೆಲಸಗಳೂ ಸೊರಗುತ್ತಿದ್ದವು. ಹೈಸ್ಕೂಲು ಮುಗಿಸಿ ಗಿರಣಿಗೆ ಸೇರುವ ದಾರಿ ಮುಚ್ಚಿತ್ತು. ಮರುವರ್ಷ ಗವರ್ನರ್ ಮೈಕ್ ಈಸ್ಲಿ 'ಲರ್ನ್ ಅಂಡ್ ಅರ್ನ್' ಎಂಬ ಕಾರ್ಯಕ್ರಮ ತಂದರು. ಇವತ್ತು ಅಂಥ ಶಾಲೆ, ಕಾಲೇಜು ಜೋಡಿಗಳು ಆ ರಾಜ್ಯದಲ್ಲಿ ನೂರನ್ನು ದಾಟಿವೆ.

ಅವುಗಳಲ್ಲಿ ಒಂದು ರಾಜಧಾನಿ ರಾಲಿಯಲ್ಲಿರುವ ವೇಕ್ ಅರ್ಲಿ ಕಾಲೇಜ್ ಆಫ್ ಹೆಲ್ತ್ ಅಂಡ್ ಸೈನ್ಸಸ್, 2006ರಲ್ಲಿ ಶುರುವಾದದ್ದು. ಕೌಂಟಿಯ ಶಾಲಾ ಮಂಡಳಿ, ವೇಕ್ ಟೆಕ್ ಕಮ್ಯುನಿಟಿ ಕಾಲೇಜು, ವೇಕ್‌ಮೆಡ್ ಆಸ್ಪತ್ರೆ ಈ ಮೂವರ ಕೂಡುವಳಿ. ಶಾಲೆ ಇರುವುದು ವೇಕ್ ಟೆಕ್‌ನ ಆರೋಗ್ಯ ವಿಜ್ಞಾನ ಆವರಣದಲ್ಲಿ. ನರ್ಸಿಂಗ್, ರೇಡಿಯಾಲಜಿ ಕಲಿಯುವ ದೊಡ್ಡವರು ಸ್ಕ್ರಬ್ಸ್ ತೊಟ್ಟು ಓಡಾಡುವ ಆವರಣದಲ್ಲೇ ಈ ಮಕ್ಕಳ ಓಡಾಟವೂ. ಮೊದಲೆರಡು ವರ್ಷ ಹೆಚ್ಚಾಗಿ ಹೈಸ್ಕೂಲಿನ ಪಾಠ, ಆಮೇಲೆ ಮೆಲ್ಲಮೆಲ್ಲಗೆ ಕಾಲೇಜಿನದು. ಬೇಕಾದವರು ಐದನೇ ವರ್ಷವೂ ಉಳಿಯಬಹುದು. ಇಂಥ ಶಾಲೆಗಳು ಬೇಕೆಂದೇ ಚಿಕ್ಕವಾಗಿರುತ್ತವೆ. ಫುಟ್‌ಬಾಲ್ ತಂಡ, ಬ್ಯಾಂಡು, ಸಾವಿರಾರು ಮಕ್ಕಳ ಗದ್ದಲ ಇಲ್ಲ. ಅಮೆರಿಕದ ಹದಿನೈದರ ಮಗು ಇದನ್ನೆಲ್ಲ ಬಿಟ್ಟು ಬರುವುದೆಂದರೆ ಸಣ್ಣ ತ್ಯಾಗವಲ್ಲ.

ಆರೋಗ್ಯ ವೃತ್ತಿಯ ಶಾಲೆಗಳಲ್ಲಿ ಬಹುಪಾಲು ಮಕ್ಕಳ ಕೈಗೆ ಸಿಗುವ ಮೊದಲ ಪ್ರಮಾಣಪತ್ರ ನರ್ಸ್ ಏಡ್ ಅಥವಾ ನರ್ಸಿಂಗ್ ಅಸಿಸ್ಟೆಂಟಿನದು. 1987ರ ಕೇಂದ್ರ ಕಾನೂನಿನ ಪ್ರಕಾರ ಇದಕ್ಕೆ ಕನಿಷ್ಠ 75 ಗಂಟೆಗಳ ತರಬೇತಿ ಬೇಕು. ಹಲವು ರಾಜ್ಯಗಳಲ್ಲಿ ನಡೆಯುವ ಪರೀಕ್ಷೆಯಲ್ಲಿ ಐದು ಕೌಶಲಗಳನ್ನು ಮಾಡಿ ತೋರಿಸಬೇಕು. ಕೈ ತೊಳೆಯುವುದು ಎಲ್ಲರಿಗೂ ಕಡ್ಡಾಯ, ಉಳಿದ ನಾಲ್ಕು ಯಾವುವೆಂದು ಅಂದೇ ಗೊತ್ತಾಗುವುದು. ಕೈ ತೊಳೆಯುವುದೇನು ಮಹಾ ಎಂದುಕೊಂಡವರು ಅಲ್ಲೇ ಎಡವುತ್ತಾರೆ. ಬೆರಳ ತುದಿ ಮೊಣಕೈಗಿಂತ ಕೆಳಗಿರಬೇಕು, ಸೋಪಿನ ನೊರೆಯಲ್ಲಿ 20 ಸೆಕೆಂಡ್ ಉಜ್ಜಬೇಕು, ಉಗುರಿನ ಕೆಳಗೂ ತಿಕ್ಕಬೇಕು, ತೊಳೆದ ಕೈ ಸಿಂಕಿನ ಒಳಬದಿಗೆ ತಾಗಬಾರದು, ನಲ್ಲಿ ನಿಲ್ಲಿಸುವಾಗ ಬರಿಗೈ ಹಾಕದೆ ಒಣ ಕಾಗದದ ಟವೆಲಿನಿಂದ ತಿರುಗಿಸಬೇಕು. ನಾಡಿ ಎಣಿಸುವ ಸರದಿ ಬಂದರೆ ಪೂರ್ತಿ ಒಂದು ನಿಮಿಷ ಎಣಿಸಬೇಕು, ಪರೀಕ್ಷಕರ ಎಣಿಕೆಗೂ ಮಗುವಿನ ಎಣಿಕೆಗೂ ನಾಲ್ಕು ಬಡಿತಕ್ಕಿಂತ ಹೆಚ್ಚು ವ್ಯತ್ಯಾಸ ಬರುವಂತಿಲ್ಲ. ಹಾಸಿಗೆಯಲ್ಲಿರುವವರ ಬಳಿಯಿಂದ ಹೊರಡುವ ಮುನ್ನ ಮಂಚವನ್ನು ಕೆಳಕ್ಕೆ ಇಳಿಸಿರಬೇಕು, ಕರೆಗಂಟೆ ರೋಗಿಯ ಕೈಗೆ ಎಟುಕುವಲ್ಲಿ ಇರಬೇಕು. ಹದಿನಾರು ಹದಿನೇಳರ ಮಕ್ಕಳು ಇದನ್ನು ಕಲಿಯುತ್ತಾರೆ. ಅಜ್ಜನ ಪ್ರಾಯದ ಅಪರಿಚಿತರ ಹಲ್ಲುಸೆಟ್ಟು ತೊಳೆಯುತ್ತಾರೆ, ಬೆಡ್‌ಪ್ಯಾನ್ ಎತ್ತುತ್ತಾರೆ. ಡಾಕ್ಟರಾಗುವ ಕನಸು ಹೊತ್ತು ಬಂದ ಕೆಲವರಿಗೆ ಈ ಕೆಲಸ ತಮಗಲ್ಲ ಎಂದು ಇಲ್ಲೇ ಗೊತ್ತಾಗುತ್ತದೆ. ಲಕ್ಷಾಂತರ ಡಾಲರ್ ಸಾಲ ಮಾಡಿ ಮೆಡಿಕಲ್ ಓದುವ ಮೊದಲೇ ಅದು ಗೊತ್ತಾಗುವುದು ಲಾಭವೇ.

ನ್ಯೂಯಾರ್ಕ್‌ನ ಸೌತ್ ಬ್ರಾಂಕ್ಸ್‌ನಲ್ಲಿ 2013ರಲ್ಲಿ ತೆರೆದ ಹೀರೊ ಹೈ ಇದೇ ದಾರಿಯಲ್ಲಿ ಇನ್ನೂ ಒಂದು ಹೆಜ್ಜೆ ಮುಂದೆ ಹೋಯಿತು. ಅದರ ಜೋಡಿ ಹೊಸ್ಟೋಸ್ ಕಮ್ಯುನಿಟಿ ಕಾಲೇಜು, ಪೋರ್ಟೊರಿಕೊ ಮೂಲದ ಜನ ಹೋರಾಡಿ ಪಡೆದ, ಹಳೆಯ ಟೈರ್ ಕಾರ್ಖಾನೆಯಲ್ಲಿ ಶುರುವಾದ ಕಾಲೇಜು. ಆಸ್ಪತ್ರೆಯ ಕಡೆಯಿಂದ ಮಾಂಟಿಫಿಯೋರ್. 9ನೇ ತರಗತಿಗೆ ಸೇರಿದ ಮಗು ಆರು ವರ್ಷದೊಳಗೆ ನರ್ಸಿಂಗ್ ಅಥವಾ ಸಮುದಾಯ ಆರೋಗ್ಯದ ಅಸೋಸಿಯೇಟ್ ಪದವಿಯವರೆಗೆ ಹೋಗಬಹುದೆಂಬುದು ಲೆಕ್ಕ. ಬ್ರೂಕ್ಲಿನ್‌ನ ಕ್ಲಾರಾ ಬಾರ್ಟನ್ ಹೈಸ್ಕೂಲಂತೂ ಇದಕ್ಕೂ ಎಷ್ಟೋ ಮುಂಚಿನಿಂದ ಪ್ರಾಕ್ಟಿಕಲ್ ನರ್ಸುಗಳನ್ನು ಹೈಸ್ಕೂಲಿನಿಂದಲೇ ತಯಾರು ಮಾಡುತ್ತ ಬಂದಿದೆ.

ಫಲ ಸಿಕ್ಕಿದೆಯೇ? ಈ ಪ್ರಶ್ನೆಗೆ ಉತ್ತರ ಹುಡುಕಲು ಲಾಟರಿ ನೆರವಿಗೆ ಬಂತು. ಅರ್ಜಿ ಹೆಚ್ಚಿದ್ದ ಕಡೆ ಅರ್ಲಿ ಕಾಲೇಜ್ ಶಾಲೆಗಳು ಚೀಟಿ ಎತ್ತಿ ಸೀಟು ಕೊಡುತ್ತಿದ್ದವು. ಹಾಗಾಗಿ ಚೀಟಿ ಬಂದವರನ್ನೂ ಬಾರದವರನ್ನೂ ಹೋಲಿಸಿದರೆ ಜಾಣ ಮಕ್ಕಳೇ ಸೇರಿದ್ದರು ಎಂಬ ತಕರಾರು ನಿಲ್ಲುವುದಿಲ್ಲ. ಅಮೆರಿಕನ್ ಇನ್‌ಸ್ಟಿಟ್ಯೂಟ್ಸ್ ಫಾರ್ ರಿಸರ್ಚ್ 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಚೀಟಿ ಬಂದವರಲ್ಲಿ ಹೈಸ್ಕೂಲು ಮುಗಿಸಿದವರು ಶೇ. 86, ಬಾರದವರಲ್ಲಿ ಶೇ. 81. ಕಾಲೇಜಿಗೆ ಸೇರಿದವರು ಶೇ. 80 ಮತ್ತು 71. ಅಧ್ಯಯನದ ಅವಧಿಯೊಳಗೆ ಯಾವುದಾದರೂ ಕಾಲೇಜು ಪದವಿ ಪಡೆದವರು ಶೇ. 22 ಮತ್ತು 2. ಕೊನೆಯ ಸಂಖ್ಯೆ ನಿಜಕ್ಕೂ ದೊಡ್ಡದು. ಆದರೆ ಇದು ಎಲ್ಲ ಬಗೆಯ ಅರ್ಲಿ ಕಾಲೇಜುಗಳ ಲೆಕ್ಕ, ಆರೋಗ್ಯ ಶಾಲೆಗಳದ್ದಷ್ಟೇ ಅಲ್ಲ ಎಂಬುದನ್ನು ಕರಪತ್ರ ಅಚ್ಚು ಹಾಕಿಸುವವರು ಮರೆಯುತ್ತಾರೆ.

ಆರೋಗ್ಯ ಕ್ಷೇತ್ರಕ್ಕೆ ಅದರದ್ದೇ ತೊಡಕುಗಳಿವೆ. ಹೈಸ್ಕೂಲಿನಲ್ಲೇ 60 ಕ್ರೆಡಿಟ್ ಗಳಿಸಿದ ಮಾತ್ರಕ್ಕೆ ನರ್ಸಿಂಗ್ ಸೀಟು ಸಿಗುವುದಿಲ್ಲ. ಕಮ್ಯುನಿಟಿ ಕಾಲೇಜುಗಳಲ್ಲೂ ನರ್ಸಿಂಗ್ ವಿಭಾಗದ ಆಯ್ಕೆ ಪ್ರತ್ಯೇಕ, ಪೈಪೋಟಿ ಜೋರು, ಬೋಧಕರೂ ಕಡಿಮೆ. ಎಷ್ಟೋ ಮಕ್ಕಳ ಕೈಯಲ್ಲಿ ಉಳಿಯುವುದು ಸಾಮಾನ್ಯ ವಿಜ್ಞಾನದ ಪದವಿ ಮತ್ತು ನರ್ಸ್ ಏಡ್ ಪ್ರಮಾಣಪತ್ರ. ಇನ್ನೊಂದು ಕಡೆ ನಾಲ್ಕು ವರ್ಷದ ಬಿಎಸ್ಸಿ ನರ್ಸಿಂಗ್ ಕಡೆಗೆ ಎಳೆತ ಹೆಚ್ಚಿದೆ. ಶೇ. 80 ನರ್ಸುಗಳಿಗೆ ಬ್ಯಾಚುಲರ್ ಪದವಿ ಇರಬೇಕೆಂದು ಇನ್‌ಸ್ಟಿಟ್ಯೂಟ್ ಆಫ್ ಮೆಡಿಸಿನ್ 2010ರಲ್ಲಿ ಗುರಿ ಹಾಕಿತು. ಹೊಸ ನರ್ಸುಗಳು ಹತ್ತು ವರ್ಷದೊಳಗೆ ಆ ಪದವಿ ಪಡೆಯಬೇಕೆಂದು ನ್ಯೂಯಾರ್ಕ್ 2017ರಲ್ಲಿ ಕಾನೂನೇ ಮಾಡಿತು. ಮೊಂಟ್ಯಾಗ್ ಕಟ್ಟಿದ ಏಣಿಯ ಮೇಲೆ ಇನ್ನೆರಡು ಮೆಟ್ಟಿಲು ಸೇರಿದ ಹಾಗೆ.

ಅಮೆರಿಕದಲ್ಲಿ ನೆಲೆಸಿದ ಕನ್ನಡಿಗ ತಂದೆತಾಯಿಗಳು ಗಮನಿಸಬೇಕಾದ ಒಂದು ಸಂಗತಿ ಉಂಟು. ಹದಿನೈದನೇ ವಯಸ್ಸಿನಲ್ಲಿ ಓದಿದ ಕಾಲೇಜು ಪಾಠದ ಗ್ರೇಡು ಕಾಲೇಜಿನ ದಾಖಲೆಯಲ್ಲಿ ಶಾಶ್ವತ. ಮುಂದೆ ಮೆಡಿಕಲ್ ಕಾಲೇಜಿಗೆ ಅರ್ಜಿ ಹಾಕುವಾಗ ದೇಶದ ಸಾಮಾನ್ಯ ಅರ್ಜಿ ವ್ಯವಸ್ಥೆ ಹೈಸ್ಕೂಲಿನಲ್ಲಿದ್ದಾಗ ಓದಿದ ಕಾಲೇಜು ಪಾಠಗಳನ್ನೂ ಕೇಳುತ್ತದೆ, ಒಟ್ಟು ಅಂಕದಲ್ಲಿ ಸೇರಿಸುತ್ತದೆ. ಒಂಬತ್ತನೇ ತರಗತಿಯ ಬೇಜವಾಬ್ದಾರಿಯ ಒಂದು 'ಸಿ' ಇಪ್ಪತ್ತೆರಡರಲ್ಲಿ ಎದುರಿಗೆ ಬಂದು ನಿಲ್ಲಬಹುದು. ಕೆಲವು ಮೆಡಿಕಲ್ ಕಾಲೇಜುಗಳು ವಿಜ್ಞಾನದ ಪಾಠಗಳನ್ನು ನಾಲ್ಕು ವರ್ಷದ ಕಾಲೇಜಿನಲ್ಲೇ ಓದಿರಬೇಕೆಂದು ಬಯಸುತ್ತವೆ. ಎರಡು ವರ್ಷ ಉಳಿಯಿತು, ಫೀಸು ಉಳಿಯಿತು ಎಂದು ಹಿಗ್ಗುವ ಮೊದಲು ಇದನ್ನು ಕೇಳಿ ತಿಳಿದುಕೊಳ್ಳುವುದು ಒಳ್ಳೆಯದು. ನರ್ಸು, ಎಕ್ಸ್‌ರೇ ತಂತ್ರಜ್ಞ, ಉಸಿರಾಟ ಚಿಕಿತ್ಸಕರಾಗಬೇಕೆನ್ನುವ ಮಕ್ಕಳಿಗೆ ಈ ಶಾಲೆಗಳು ನೇರ ದಾರಿ. ಡಾಕ್ಟರಾಗಲೇಬೇಕು ಎನ್ನುವವರಿಗೆ ಇದು ದಾರಿಗಳಲ್ಲಿ ಒಂದು, ಅಷ್ಟೆ.

ಕೋವಿಡ್ ಬಂದ ಮೇಲೆ ಆಸ್ಪತ್ರೆಗಳೇ ಶಾಲೆಯ ಬಾಗಿಲಿಗೆ ಬಂದವು. ಸಾಂಕ್ರಾಮಿಕದ ಅವಧಿಯಲ್ಲಿ ಸುಮಾರು 1 ಲಕ್ಷ ನರ್ಸುಗಳು ಕೆಲಸ ಬಿಟ್ಟರೆಂದು ನರ್ಸಿಂಗ್ ಮಂಡಳಿಗಳ ರಾಷ್ಟ್ರೀಯ ಒಕ್ಕೂಟ 2023ರಲ್ಲಿ ಲೆಕ್ಕ ಕೊಟ್ಟಿತು. 2024ರ ಜನವರಿಯಲ್ಲಿ ಬ್ಲೂಮ್‌ಬರ್ಗ್ ದತ್ತಿ ಸಂಸ್ಥೆ ಹತ್ತು ಕಡೆ ಆರೋಗ್ಯ ಹೈಸ್ಕೂಲುಗಳಿಗೆ 25 ಕೋಟಿ ಡಾಲರ್ ಘೋಷಿಸಿತು. ಬಾಸ್ಟನ್ನಿನಲ್ಲಿ ಈಗಾಗಲೇ ಇದ್ದ ಎಡ್ವರ್ಡ್ ಕೆನಡಿ ಅಕಾಡೆಮಿ ಜತೆ ಮಾಸ್ ಜನರಲ್ ಬ್ರಿಗಮ್, ಡರಮ್‌ನಲ್ಲಿ ಡ್ಯೂಕ್ ಆಸ್ಪತ್ರೆ, ಹ್ಯೂಸ್ಟನ್ ಪಕ್ಕದ ಆಲ್ಡೀನ್‌ನಲ್ಲಿ ಮೆಮೋರಿಯಲ್ ಹರ್ಮನ್, ಕ್ವೀನ್ಸ್‌ನಲ್ಲಿ ನಾರ್ತ್‌ವೆಲ್, ಹೀಗೆ ಪ್ರತಿ ಶಾಲೆಗೂ ಒಂದು ಆಸ್ಪತ್ರೆ ಸಮೂಹ ಜೋಡಿ. ಓದು ಮುಗಿಸಿದವರಿಗೆ ಅದೇ ಆಸ್ಪತ್ರೆಯಲ್ಲಿ ಕೆಲಸ ಎಂಬುದು ಯೋಜನೆಯ ತಿರುಳು. ಎಲ್ಲ ಶಾಲೆಗಳೂ ತುಂಬಿದಾಗ ಸುಮಾರು 6,000 ಮಕ್ಕಳು. ಇದರಲ್ಲಿ ಮಗುವಿನ ಹಿತ ಎಷ್ಟು, ಆಸ್ಪತ್ರೆಯ ಕೊರತೆ ತುಂಬುವ ಆತುರ ಎಷ್ಟು ಎಂದು ಕೇಳುವವರಿದ್ದಾರೆ. ಮೊಂಟ್ಯಾಗ್ ನರ್ಸಿಂಗ್ ಶಿಕ್ಷಣವನ್ನು ಆಸ್ಪತ್ರೆಯ ಹಿಡಿತದಿಂದ ಬಿಡಿಸಿದ್ದೇ ಈ ಕಾರಣಕ್ಕಲ್ಲವೇ ಎಂದು ಅವರು ನೆನಪಿಸಿದರೆ ತಳ್ಳಿಹಾಕುವುದು ಕಷ್ಟ.

ಆ ಹತ್ತು ಜಾಗಗಳ ಪಟ್ಟಿಯಲ್ಲಿ ಮಹಾನಗರಗಳ ನಡುವೆ ಅಲಬಾಮಾದ ಡೆಮೊಪೊಲಿಸ್ ಎಂಬ ಪುಟ್ಟ ಊರೂ ಇದೆ. ಜನಸಂಖ್ಯೆ ಏಳು ಸಾವಿರದ ಆಸುಪಾಸು. ಸುತ್ತಮುತ್ತಲಿನದು ಹತ್ತಿ ಬೆಳೆದ ಹಳೆಯ ಸೀಮೆ, ಬಡತನ ಹೆಚ್ಚು, ಡಾಕ್ಟರುಗಳು ಕಡಿಮೆ. ಅಲ್ಲಿಯ ಹಳ್ಳಿಯ ಮಗುವಿಗೆ ದಿನಾ ಬಸ್ಸಿನಲ್ಲಿ ಬಂದು ಹೋಗುವಷ್ಟು ಹತ್ತಿರದಲ್ಲಿ ದೊಡ್ಡ ಆಸ್ಪತ್ರೆ ಎಲ್ಲಿಂದ ಬರಬೇಕು? ಹಾಗಾಗಿ ರಾಜ್ಯದ ಶಾಸನಸಭೆ 2024ರಲ್ಲಿ ಒಪ್ಪಿದ ಅಲಬಾಮಾ ಸ್ಕೂಲ್ ಆಫ್ ಹೆಲ್ತ್‌ಕೇರ್ ಸೈನ್ಸಸ್ ವಸತಿ ಶಾಲೆ. ರಾಜ್ಯದ ಯಾವ ಮೂಲೆಯ ಮಗುವಾದರೂ ಹಾಸ್ಟೆಲಿನಲ್ಲಿ ಉಳಿದು ಓದಬೇಕು. ಊರಿನ ವಿಟ್‌ಫೀಲ್ಡ್ ಪ್ರಾದೇಶಿಕ ಆಸ್ಪತ್ರೆಯಲ್ಲಿ, ವೆಸ್ಟ್ ಅಲಬಾಮಾ ವಿಶ್ವವಿದ್ಯಾಲಯದ ನೆರವಿನಲ್ಲಿ ಕಲಿಯಬೇಕು ಎಂಬುದು ಏರ್ಪಾಡು. ಮೊದಲ ತಂಡ 2026ರಲ್ಲಿ ಬರಬೇಕೆಂದು ಯೋಜಿಸಲಾಗಿತ್ತು. ಓದು ಮುಗಿದ ಮೇಲೆ ಆ ಮಕ್ಕಳಲ್ಲಿ ಎಷ್ಟು ಮಂದಿ ಬರ್ಮಿಂಗ್‌ಹ್ಯಾಮ್, ಅಟ್ಲಾಂಟಾಗಳ ಸಂಬಳ ಬಿಟ್ಟು ತಮ್ಮ ಹಳ್ಳಿಯ ಕಡೆ ಮರಳುತ್ತಾರೆ ಎಂಬುದರ ಮೇಲೆ ಊರಿನ ಆಸ್ಪತ್ರೆ ಕಣ್ಣಿಟ್ಟಿದೆ.